ಬೇರಿಗೆ ಬಾಯಿ ಹಾಕುವ ಹುಳು: ಸಕ್ಕರೆ ಬೆಳೆಗಳಲ್ಲಿ ನಿರೋಧಕ ತಳಿಯ ಹುಡುಕಾಟ

ದೊಡವಾಡ (ಬೆಳಗಾವಿ ಜಿಲ್ಲೆ): ಗೊಣ್ಣೆಹುಳು ಬಾರದ ಕಬ್ಬಿನ ತಳಿ ಯಾವುದು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಬೆಳೆಗಾರರಿಗೆ ಮಳೆಗಾಲ ಬಂತೆಂದರೆ ಎದುರಾಗುವ ಪ್ರಶ್ನೆ ಇದು. ಇದಕ್ಕೆ ವಿಜ್ಞಾನದ ಬಳಿ ಇರುವ ಉತ್ತರ ಚಿಕ್ಕದು: ಅಂತಹ ತಳಿ ಇನ್ನೂ ಇಲ್ಲ. ಕಬ್ಬಿನ ಬೇರನ್ನು ತಿನ್ನುವ ಈ ಹುಳುವನ್ನು ತಾನಾಗಿಯೇ ಹಿಮ್ಮೆಟ್ಟಿಸುವ ಯಾವ ತಳಿಯೂ ರೈತರ ಹೊಲಕ್ಕೆ ಬಂದಿಲ್ಲ.

ಆದರೆ ಸಕ್ಕರೆ ಕೊಡುವ ಇನ್ನೊಂದು ಬೆಳೆ ಈ ಹಾದಿಯಲ್ಲಿ ಸ್ವಲ್ಪ ದೂರ ಸಾಗಿದೆ. ಅದು ಸಕ್ಕರೆ ಬೀಟ್. ಅಮೆರಿಕದ ತಳಿವಿಜ್ಞಾನಿಗಳು ಬೀಟ್ ಬೇರಿನ ಹುಳುವಿಗೆ ಸಾಕಷ್ಟು ತಡೆ ಒಡ್ಡುವ ಮೂಲ ತಳಿಗಳನ್ನು ರೂಪಿಸಿದ್ದಾರೆ. ಅಲ್ಲಿ ಸಾಧ್ಯವಾದದ್ದು ಎಷ್ಟು, ಆಗದೆ ಉಳಿದದ್ದು ಏನು ಎಂಬುದನ್ನು ತಿಳಿದರೆ ಇಲ್ಲಿನ ಕಬ್ಬಿನ ಸಮಸ್ಯೆ ಏಕೆ ಬಗೆಹರಿದಿಲ್ಲ ಎಂಬುದೂ ತಿಳಿಯುತ್ತದೆ. ದಶಕಗಳ ಕಾಲ ರೈತರು ನೆಚ್ಚಿಕೊಂಡಿದ್ದ ಹರಳು ವಿಷಗಳು ಒಂದೊಂದಾಗಿ ನಿಷೇಧಗೊಂಡಿರುವುದರಿಂದ ಈ ಪ್ರಶ್ನೆಗೆ ಈಗ ಹಿಂದೆಂದಿಗಿಂತ ಹೆಚ್ಚಿನ ಮಹತ್ವ ಬಂದಿದೆ.

ನೆಲದಡಿಯ ವೈರಿ

ದೊಡವಾಡ ಬೈಲಹೊಂಗಲ ತಾಲ್ಲೂಕಿನ ದಕ್ಷಿಣ ಭಾಗದಲ್ಲಿ, ಧಾರವಾಡ ಜಿಲ್ಲೆಯ ಗಡಿಗೆ ಸಮೀಪದಲ್ಲಿರುವ ಗ್ರಾಮ. ಹತ್ತಿ, ಜೋಳ, ಕಡಲೆಗೆ ಹೆಸರಾದ ಎರೆಭೂಮಿಯ ಸೀಮೆ ಇದು. ಮಲಪ್ರಭಾ ನದಿ, ಕೊಳವೆಬಾವಿಗಳ ನೀರು ಸಿಕ್ಕಿದ ಕಡೆಯಲ್ಲೆಲ್ಲ ಕಬ್ಬು ಕಾಲಿಟ್ಟಿತು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಸವದತ್ತಿ ತಾಲ್ಲೂಕಿನ ಮುನವಳ್ಳಿಯ ರೇಣುಕಾ ಶುಗರ್ಸ್ ಸೇರಿದಂತೆ ಸುತ್ತಲಿನ ಕಾರ್ಖಾನೆಗಳು ಕಬ್ಬನ್ನು ಈ ಭಾಗದ ಮುಖ್ಯ ವಾಣಿಜ್ಯ ಬೆಳೆಯಾಗಿಸಿದವು.

ಕಬ್ಬಿನ ಜೊತೆಗೆ ಅದರ ಕೀಟಗಳೂ ಬಂದವು. ಕಾಂಡ ಕೊರೆಯುವ ಹುಳು ಕಣ್ಣಿಗೆ ಕಾಣುತ್ತದೆ, ಗೊಣ್ಣೆಹುಳು ಕಾಣುವುದಿಲ್ಲ. ಮಹಾರಾಷ್ಟ್ರಕ್ಕೆ ಹತ್ತಿರದ ಊರುಗಳಲ್ಲಿ ಇದನ್ನು 'ಹುಮಣಿ' ಎಂದೂ ಕರೆಯುವುದುಂಟು. ಬೆಳಗಾವಿ ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಗೊಣ್ಣೆಹುಳುಗಳು ದಾಖಲಾಗಿವೆ. ಒಂದು ಹೊಲೊಟ್ರೈಕಿಯಾ ಸೆರಾಟಾ, ಇನ್ನೊಂದು ಲ್ಯೂಕೊಫೋಲಿಸ್ ಲೆಪಿಡೊಫೋರಾ. ಎರಡನೆಯದು ಕೃಷ್ಣಾ ಮತ್ತು ಅದರ ಉಪನದಿಗಳ ದಂಡೆಯ ಮಣ್ಣನ್ನು ಹೆಚ್ಚು ಇಷ್ಟಪಡುವಂಥದು. ಕೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳಲ್ಲಿಯೂ ಇದರ ಕಾಟವಿದೆ.

ಎರಡರ ಜೀವನಚಕ್ರವೂ ಸುಮಾರು ಒಂದು ವರ್ಷದ್ದು. ಹೊಲೊಟ್ರೈಕಿಯಾದ ದುಂಬಿಗಳು ಮುಂಗಾರು ಪೂರ್ವದ ಮೊದಲ ಹದಮಳೆ ಬಿದ್ದ ಸಂಜೆ ಮಣ್ಣಿನಿಂದ ಮೇಲೇಳುತ್ತವೆ. ಬೇವು, ಜಾಲಿ, ಬೋರೆ ಮರಗಳ ಮೇಲೆ ಕೂಡಿ ಎಲೆ ತಿನ್ನುತ್ತವೆ, ಜೋಡಿಯಾಗುತ್ತವೆ. ಹೆಣ್ಣು ದುಂಬಿ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಒಂದೆರಡು ವಾರಗಳಲ್ಲಿ ಹೊರಬರುವ ಮರಿಗಳು ಆರಂಭದಲ್ಲಿ ಮಣ್ಣಿನ ಸಾವಯವ ಅಂಶ ಮತ್ತು ನವಿರಾದ ಬೇರುಗಳನ್ನು ತಿಂದುಕೊಂಡಿರುತ್ತವೆ. ಎರಡು ಸಲ ಪೊರೆ ಕಳಚಿ ಮೂರನೆಯ ಹಂತ ಮುಟ್ಟಿದ ಮೇಲೆ ಅವುಗಳ ಹಸಿವಿಗೆ ಮಿತಿ ಇಲ್ಲ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕಬ್ಬಿನ ಎಲೆ ಹಳದಿಯಾಗಿ, ಇಡೀ ಬುಡ ಒಣಗುತ್ತದೆ. ನೀರಿನ ಕೊರತೆಯೆಂದು ತಿಳಿದು ರೈತ ನೀರು ಹಾಯಿಸುತ್ತಾನೆ. ಕೈಯಿಂದ ಎಳೆದರೆ ಬೇರಿಲ್ಲದ ಕಬ್ಬು ಸಲೀಸಾಗಿ ಕಿತ್ತು ಬರುತ್ತದೆ. ಕೆಳಗೆ 'ಸಿ' ಆಕಾರದಲ್ಲಿ ಮುದುಡಿಕೊಂಡ ಬಿಳಿ ಹುಳುಗಳು ಕಾಣುತ್ತವೆ. ಅಷ್ಟರಲ್ಲಿ ಕೂಳೆಯ ಆಸೆಯೂ ಹೋಗಿರುತ್ತದೆ.

ತಿಪ್ಪೆಯಲ್ಲಿ ಕಾಣುವ ದಪ್ಪ ಬಿಳಿ ಹುಳುಗಳೆಲ್ಲ ಇವೇ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅಲ್ಲಿರುವವು ಹಲವು ಸಲ ತೆಂಗಿಗೆ ಪೀಡೆಯಾದ ಕುರುವಾಯಿ ದುಂಬಿಯ ಮರಿಗಳು. ಕಬ್ಬಿನ ಬೇರಿಗೆ ಅವುಗಳಿಂದ ತೊಂದರೆಯಿಲ್ಲ.

ವಿಷದ ದಾರಿ ಮುಚ್ಚುತ್ತ ಬಂದದ್ದು

ಮಣ್ಣಿನೊಳಗಿನ ಹುಳುವಿಗೆ ಮಣ್ಣಿಗೇ ವಿಷ ಬೆರೆಸುವುದು ಹಳೆಯ ಉಪಾಯ. ಬಿ.ಎಚ್.ಸಿ. ಪುಡಿ, ಆಲ್ಡ್ರಿನ್‌ಗಳನ್ನು ಎಕರೆಗಟ್ಟಲೆ ಎರಚಿದ ಕಾಲವೊಂದಿತ್ತು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಉಳಿದು ಹಾಲು, ಧಾನ್ಯಗಳಲ್ಲಿ ಕಾಣಿಸಿಕೊಂಡವು. ಭಾರತದಲ್ಲಿ ಆಲ್ಡ್ರಿನ್ 1996ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಿಷೇಧಗೊಂಡವು. ಅವುಗಳ ಜಾಗವನ್ನು ಫೋರೇಟ್ ಹರಳು ತುಂಬಿತು. ಅತ್ಯಂತ ವಿಷಕಾರಿಯಾದ ಇದರ ಬಳಕೆಗೆ ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ಪೂರ್ಣ ತೆರೆ ಎಳೆಯಿತು. ಕಾರ್ಬೊಫ್ಯೂರಾನ್‌ಗೆ 2023ರಲ್ಲಿ ನಿರ್ಬಂಧ ಬಿದ್ದು, ಶೇ 3ರ ಲೇಪಿತ ಹರಳಿನ ರೂಪವೊಂದು ಮಾತ್ರ ಉಳಿಯಿತು.

ಈಗ ಕಬ್ಬಿನ ಗೊಣ್ಣೆಹುಳುವಿಗೆ ಫಿಪ್ರೊನಿಲ್ ಮತ್ತು ಇಮಿಡಾಕ್ಲೋಪ್ರಿಡ್ ಮಿಶ್ರಣವನ್ನು ನೀರಿನಲ್ಲಿ ಕರಗಿಸಿ ಬುಡಕ್ಕೆ ಸುರಿಯುವುದು ರೂಢಿಯಲ್ಲಿದೆ. ಮರಿ ಚಿಕ್ಕದಿರುವಾಗ ಇದು ಫಲಕಾರಿ. ಮೂರನೆಯ ಹಂತದ ಹುಳುವಿಗೆ, ಆಳೆತ್ತರ ಬೆಳೆದ ಕಬ್ಬಿನ ನಡುವೆ ಹೊಕ್ಕು ಸುರಿದರೆ ಖರ್ಚೇ ಹೆಚ್ಚು. ಇಮಿಡಾಕ್ಲೋಪ್ರಿಡ್‌ನ ಹೊರಾಂಗಣ ಬಳಕೆಯನ್ನು ಐರೋಪ್ಯ ಒಕ್ಕೂಟ ಜೇನ್ನೊಣಗಳ ಹಿತದೃಷ್ಟಿಯಿಂದ 2018ರಲ್ಲಿಯೇ ನಿಷೇಧಿಸಿದೆ. ಅದರ ಬಿಸಿ ಮೊದಲು ತಟ್ಟಿದ್ದು ಅಲ್ಲಿನ ಬೀಟ್ ಬೆಳೆಗಾರರಿಗೆ. ಬೀಜಲೇಪನದ ಆಸರೆ ತಪ್ಪಿದ ಫ್ರಾನ್ಸಿನ ಬೀಟ್ ಹೊಲಗಳಲ್ಲಿ 2020ರಲ್ಲಿ ಸಸ್ಯಹೇನು ಹರಡುವ ಹಳದಿ ರೋಗ ವಿಪರೀತವಾಗಿ, ಇಳುವರಿ ಕುಸಿಯಿತು. ಸರ್ಕಾರ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಇಂತಹ ವಿನಾಯಿತಿ ಸಲ್ಲದೆಂದು ಐರೋಪ್ಯ ನ್ಯಾಯಾಲಯ 2023ರ ಜನವರಿಯಲ್ಲಿ ತೀರ್ಪಿತ್ತಿತು. ವಿಷವೊಂದನ್ನೇ ನಂಬಿದ ಬೆಳೆಯ ಪಾಡು ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬೀಟ್ ಎಂಬ ತಳಿವಿಜ್ಞಾನದ ಕೂಸು

ಸಕ್ಕರೆ ಬೀಟ್ ನಿಸರ್ಗದಲ್ಲಿ ಇದ್ದಂಥ ಬೆಳೆಯಲ್ಲ, ಮನುಷ್ಯ ಆಯ್ಕೆಯಿಂದ ರೂಪಿಸಿಕೊಂಡದ್ದು. ಬರ್ಲಿನ್ ನಗರದ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್ರಾಫ್ 1747ರಲ್ಲಿ ಬೀಟ್ ಗಡ್ಡೆಯಲ್ಲಿರುವುದು ಕಬ್ಬಿನದೇ ಸಕ್ಕರೆಯೆಂದು ತೋರಿಸಿದ. ಅವನ ಶಿಷ್ಯ ಫ್ರಾಂಜ್ ಆಕಾರ್ಡ್ ಸೈಲೀಷಿಯಾದ ಕುನೆರ್ನ್‌ನಲ್ಲಿ 1801ರಲ್ಲಿ ಮೊದಲ ಕಾರ್ಖಾನೆ ಕಟ್ಟಿದ. ಬ್ರಿಟಿಷರ ನೌಕಾಬಲದಿಂದ ಕಬ್ಬಿನ ಸಕ್ಕರೆ ಯುರೋಪಿಗೆ ಬರುವುದು ನಿಂತಾಗ ನೆಪೋಲಿಯನ್ ಬೀಟ್‌ಗೆ ರಾಜಾಶ್ರಯ ಕೊಟ್ಟ. ಅಂದು ಶೇ 6–8ರಷ್ಟಿದ್ದ ಸಕ್ಕರೆ ಅಂಶ ಇಂದಿನ ತಳಿಗಳಲ್ಲಿ ಶೇ 16–18ಕ್ಕೆ ಮುಟ್ಟಿದೆ. ಜಗತ್ತಿನ ಸಕ್ಕರೆಯಲ್ಲಿ ಸುಮಾರು ಐದನೆಯ ಒಂದು ಭಾಗ ಬೀಟ್‌ನಿಂದ ಬರುತ್ತದೆ.

ಭಾರತಕ್ಕೂ ಬೀಟ್ ಹೊಸದಲ್ಲ. ರಾಜಸ್ಥಾನದ ಶ್ರೀಗಂಗಾನಗರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಜೊತೆಗೆ ಬೀಟ್ ಅರೆಯುವ ಘಟಕವೂ ಇತ್ತು. ಬಿಸಿಲು ತಡೆಯುವ 'ಉಷ್ಣವಲಯದ ಬೀಟ್' ತಳಿಗಳನ್ನು ಸಿಂಜೆಂಟಾ ಕಂಪನಿ 2000ರ ದಶಕದಲ್ಲಿ ಮಹಾರಾಷ್ಟ್ರ, ತಮಿಳುನಾಡುಗಳಿಗೆ ತಂದಾಗ ಕರ್ನಾಟಕದಲ್ಲಿಯೂ ಕೃಷಿ ವಿಶ್ವವಿದ್ಯಾಲಯದ ಮಟ್ಟದಲ್ಲಿ ಪ್ರಯೋಗಗಳಾದವು. ಕಬ್ಬಿಗೆ ವರ್ಷ ಬೇಕು, ಬೀಟ್‌ಗೆ ಐದಾರು ತಿಂಗಳು ಸಾಕು, ನೀರೂ ಕಡಿಮೆ. ಕಡಲ ದಂಡೆಯ ಕಾಡುಬೀಟ್ ಇದರ ಪೂರ್ವಜವಾದ್ದರಿಂದ ಸವುಳು ಮಣ್ಣನ್ನೂ ತಾಳಿಕೊಳ್ಳುತ್ತದೆ. ಆದರೆ ಕಬ್ಬು ಹಿಂಡುವ ಗಾಣದಲ್ಲಿ ಗಡ್ಡೆ ಅರೆಯಲಾಗದು. ಬೀಟ್ ಹೆರೆದು ಬಿಸಿನೀರಿನಲ್ಲಿ ಸಕ್ಕರೆ ಬಿಡಿಸುವ ಬೇರೆಯದೇ ಯಂತ್ರ ಬೇಕು. ಕೊಳ್ಳುವವರಿಲ್ಲದ ಬೆಳೆಯನ್ನು ರೈತ ಹಾಕುವುದಾದರೂ ಹೇಗೆ? ಬೆಳಗಾವಿ ಜಿಲ್ಲೆಯಲ್ಲಿ ಬೀಟ್ ನೆಲೆಯೂರಲಿಲ್ಲ. ಎಲೆ ತಿನ್ನುವ ಸ್ಪೊಡೊಪ್ಟೆರಾ ಹುಳು, ಬುಡ ಕೊಳೆಸುವ ಸ್ಕ್ಲೆರೋಷಿಯಂ ಶಿಲೀಂಧ್ರಗಳು ಭಾರತದ ಪ್ರಯೋಗಗಳಲ್ಲಿ ಬೀಟ್‌ಗೆ ಅಡ್ಡಿಯಾದವು ಎಂಬುದನ್ನೂ ಗಮನಿಸಬೇಕು.

ರೆಡ್ ರಿವರ್ ಕಣಿವೆಯ ಕಥೆ

ಬೀಟ್‌ನ ಬೇರಿನ ಹುಳುವಿಗೆ ನಿರೋಧಕತೆ ಹುಡುಕುವ ಗಂಭೀರ ಕೆಲಸ ನಡೆದದ್ದು ಅಮೆರಿಕದ ಉತ್ತರ ಡಕೋಟ ಮತ್ತು ಮಿನ್ನೆಸೋಟ ರಾಜ್ಯಗಳ ನಡುವಿನ ರೆಡ್ ರಿವರ್ ಕಣಿವೆಯಲ್ಲಿ. ಬೀಟ್ ಅಲ್ಲಿನ ಕಬ್ಬು ಎನ್ನಬಹುದು, ಮಣ್ಣೂ ಕಪ್ಪೇ. ಅಲ್ಲಿನ ಪೀಡೆ ಟೆಟಾನೊಪ್ಸ್ ಮಯೊಪಿಫಾರ್ಮಿಸ್ ಎಂಬ ಚಿಕ್ಕ ನೊಣದ ಮರಿ. ಬೇಸಿಗೆಯ ಆರಂಭದಲ್ಲಿ ನೊಣ ಎಳೆಯ ಗಿಡದ ಬುಡದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಕಾಲಿಲ್ಲದ ಮರಿಗಳು ಬಾಯಿಯ ಕೊಕ್ಕೆಯಿಂದ ಬೇರನ್ನು ಕೆರೆದು ರಸ ಹೀರುತ್ತವೆ. ಎಳೆಯ ಬೇರು ತುಂಡಾದರೆ ಗಿಡ ಸಾಯುತ್ತದೆ. ಬಲಿತ ಗಡ್ಡೆಯ ಮೇಲೆ ಕಪ್ಪು ಗಾಯಗಳು ಉಳಿಯುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಮಂಜು ಬೀಳುವ ಚಳಿಗಾಲವನ್ನು ಹುಳು ಮಣ್ಣಿನಾಳದಲ್ಲಿ ಕಳೆಯುತ್ತದೆ.

ಫಾರ್ಗೊ ನಗರದಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲ್ಯಾರಿ ಕ್ಯಾಂಪ್‌ಬೆಲ್ ಮತ್ತು ಸಹೋದ್ಯೋಗಿಗಳು ಹಿಡಿದ ದಾರಿ ಸರಳವಾದದ್ದು, ಆದರೆ ಸಹನೆ ಬೇಡುವಂಥದು. ಹುಳು ಹೆಚ್ಚಿರುವ ಸೇಂಟ್ ಥಾಮಸ್ ಎಂಬ ಊರಿನ ಸುತ್ತ ವಿಷ ಹಾಕದೆ ಬೀಟ್ ಬೆಳೆಯುವುದು. ಗಡ್ಡೆಗಳನ್ನು ಅಗೆದು ತೊಳೆದು ಗಾಯಕ್ಕೆ ಅಂಕ ಕೊಡುವುದು. ಗಾಯವೇ ಇಲ್ಲದಿದ್ದರೆ 0, ಮುಕ್ಕಾಲು ಪಾಲಿಗಿಂತ ಹೆಚ್ಚು ಮೈ ಕಪ್ಪಾಗಿದ್ದರೆ 9. ಕಡಿಮೆ ಅಂಕದವುಗಳನ್ನು ಆರಿಸಿ, ಶೈತ್ಯದಲ್ಲಿಟ್ಟು, ಮತ್ತೆ ನೆಟ್ಟು ಪರಸ್ಪರ ಕೂಡಿಸಿ ಬೀಜ ಪಡೆಯುವುದು. ಆ ಬೀಜವನ್ನು ಮತ್ತೆ ಹುಳುವಿನ ಹೊಲಕ್ಕೆ ಹಾಕುವುದು.

ಇಲ್ಲಿ ಬೀಟ್‌ನ ಸ್ವಭಾವವೇ ನೆರವಾಯಿತು. ಅದು ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆ, ಚಳಿ ಕಳೆದ ಮೇಲೆ ಹೂ. ಹಾಗಾಗಿ ಗಡ್ಡೆಯನ್ನು ಅಗೆದು ನೋಡಿದ ನಂತರವೂ ಅದೇ ಗಿಡದಿಂದ ಬೀಜ ಪಡೆಯಬಹುದು. ಹಲವು ಸುತ್ತುಗಳ ಈ ಆಯ್ಕೆಯಿಂದ ಎಫ್ 1015, ಎಫ್ 1016 ಎಂಬ ಮೂಲ ತಳಿಗಳು 2000ದ ಸುಮಾರಿಗೆ ಬಿಡುಗಡೆಯಾದವು. ಸುಮಾರು ಒಂದು ದಶಕದ ನಂತರ ಎಫ್ 1024 ಬಂತು. ಇವು ನೇರವಾಗಿ ರೈತರಿಗೆ ಕೊಡುವ ತಳಿಗಳಲ್ಲ. ಬೀಜ ಕಂಪನಿಗಳು ತಮ್ಮ ಹೈಬ್ರಿಡ್‌ಗಳಿಗೆ ಹೆತ್ತವರಾಗಿ ಬಳಸಿಕೊಳ್ಳಲೆಂದು ಕೊಟ್ಟ ಸಾಮಗ್ರಿ.

ತೊಡಕು ಕಾಣಿಸಿದ್ದು ಅಲ್ಲಿಯೇ. ಬೀಟ್ ಬೀಜವೆಲ್ಲ ಹೈಬ್ರಿಡ್. ತಂದೆ-ತಾಯಿಯರಲ್ಲಿ ಒಂದು ಮಾತ್ರ ನಿರೋಧಕವಾಗಿದ್ದರೆ ಮಗುವಿನ ತಡೆ ನಡುಮಟ್ಟಕ್ಕೆ ಇಳಿಯುತ್ತದೆ. ಎರಡೂ ಕಡೆ ಗುಣ ತುಂಬಲು ಹೊರಟರೆ ಇಳುವರಿ, ಸಕ್ಕರೆ ಅಂಶಗಳನ್ನು ಹಳೆಯ ಮಟ್ಟಕ್ಕೆ ತರಲು ಮತ್ತೆ ವರ್ಷಗಳು ಬೇಕು. ಹುಳು ಒಂದು ಪ್ರದೇಶಕ್ಕೆ ಸೀಮಿತವಾದದ್ದರಿಂದ ಕಂಪನಿಗಳಿಗೆ ಅಷ್ಟು ಬಂಡವಾಳ ಹೂಡುವ ಉತ್ಸಾಹವೂ ಇರಲಿಲ್ಲ. ಅಮೆರಿಕದ ಬೀಟ್ ಇಂದು ಬಹುಪಾಲು ಕಳೆನಾಶಕ ತಾಳುವ ಕುಲಾಂತರಿ. ಆದರೆ ಬೇರಿನ ಹುಳುವಿಗೆ ಅಲ್ಲಿಯೂ ಕೀಟನಾಶಕವೇ ಮುಖ್ಯ ಆಸರೆ.

ಮೇರಿಲ್ಯಾಂಡ್‌ನ ಬೆಲ್ಟ್ಸ್‌ವಿಲ್‌ನಲ್ಲಿ ಆನ್ ಸ್ಮಿಗೊಕಿ ನೇತೃತ್ವದ ತಂಡ ಎಫ್ 1016ರ ಬೇರಿನೊಳಗೆ ಏನಾಗುತ್ತದೆಂದು ಶೋಧಿಸಿತು. ಹುಳು ಕಚ್ಚಿದಾಗ ಈ ತಳಿಯ ಬೇರಿನಲ್ಲಿ ಕೆಲವು ಜೀನ್‌ಗಳು ಚುರುಕಾಗುತ್ತವೆ. ಅವುಗಳಲ್ಲೊಂದು ತಯಾರಿಸುವ ಪ್ರೋಟೀನ್ ಹುಳುವಿನ ಹೊಟ್ಟೆಯ ಜೀರ್ಣರಸವನ್ನು ತಡೆಯುವಂಥದು. ತಿಂದದ್ದು ಅರಗದ ಹುಳು ಬೆಳೆಯುವುದಿಲ್ಲ.

ಬೇರಿಗೆ ತಾಗುವ ಇನ್ನೊಂದು ಕೀಟವಾದ ಬೇರು ಸಸ್ಯಹೇನಿನ ವಿಷಯದಲ್ಲಿ ಬೀಟ್ ತಳಿಗಾರರು ನಿಜಕ್ಕೂ ಗೆದ್ದಿದ್ದಾರೆ. ಅಮೆರಿಕದ ಮಾರುಕಟ್ಟೆಯಲ್ಲಿ ಇದಕ್ಕೆ ನಿರೋಧಕವಾದ ತಳಿಗಳು ಸಿಗುತ್ತವೆ. ಈ ಕೀಟದ ಹತೋಟಿಗೆ ಅವೇ ಮುಖ್ಯ ಸಾಧನ. ರಸ ಹೀರುವ ಕೀಟಕ್ಕೂ ಜಗಿದು ತಿನ್ನುವ ಹುಳುವಿಗೂ ಇರುವ ಅಂತರ ಇದು. ಹೀರುವ ಕೀಟ ತನ್ನ ಆಶ್ರಯದ ಗಿಡದೊಂದಿಗೆ ಸೂಕ್ಷ್ಮ ಸಂಬಂಧದಿಂದ ಬದುಕುತ್ತದೆ. ಆ ಸಂಬಂಧ ಕೆಡಿಸಿದರೆ ಸಾಕು. ಫ್ರಾನ್ಸಿನ ದ್ರಾಕ್ಷಿತೋಟಗಳನ್ನು 19ನೆಯ ಶತಮಾನದಲ್ಲಿ ಬೇರುಸಹಿತ ನಾಶಮಾಡಿದ ಫಿಲೊಕ್ಸೆರಾ ಕೂಡ ಹೀರುವ ಕೀಟವೇ. ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿ ಅದನ್ನು ಗೆಲ್ಲಲಾಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರು 'ಡಾಗ್ರಿಜ್' ಬೇರುಸಸಿಯ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕ ಮೂಲದ್ದೇ. ಆದರೆ ಇಲ್ಲಿ ಅದರ ಬಳಕೆ ಬರ ಮತ್ತು ಉಪ್ಪು ತಾಳಿಕೆಗಾಗಿ.

ಕಬ್ಬಿಗೆ ಏಕೆ ಸಾಧ್ಯವಾಗಿಲ್ಲ?

ಸಸ್ಯಗಳ ಕೀಟ ನಿರೋಧಕತೆಯನ್ನು ಅಮೆರಿಕದ ಕೀಟಶಾಸ್ತ್ರಜ್ಞ ರೆಜಿನಾಲ್ಡ್ ಪೇಂಟರ್ 1951ರ ತನ್ನ ಗ್ರಂಥದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದ. ಗಿಡ ಕೀಟಕ್ಕೆ ರುಚಿಸದಿರುವುದು ಒಂದು. ತಿಂದ ಕೀಟಕ್ಕೆ ಹಾನಿಯಾಗುವುದು ಇನ್ನೊಂದು. ತಿನ್ನಿಸಿಕೊಂಡೂ ಚೇತರಿಸಿಕೊಂಡು ಇಳುವರಿ ಕೊಡುವ ತಾಳಿಕೆ ಮೂರನೆಯದು. ಗೊಣ್ಣೆಹುಳುವಿನ ಮುಂದೆ ಮೊದಲೆರಡು ಕಬ್ಬಿಗೆ ಕಠಿಣ. ಬೀಟ್ ನೊಣದ ಮರಿ ಬಹುತೇಕ ಬೀಟ್ ಕುಲವನ್ನೇ ಅವಲಂಬಿಸಿದೆ. ಗೊಣ್ಣೆಹುಳುವಿಗೆ ಕಬ್ಬು, ಶೇಂಗಾ, ಗೋವಿನಜೋಳ, ಮೆಣಸಿನಕಾಯಿ ಯಾವುದಾದರೂ ಆದೀತು. ಹೀಗೆ ನೂರು ಬಗೆಯ ಬೇರು ತಿಂದು ಅರಗಿಸಿಕೊಳ್ಳುವ ಹುಳುವಿಗೆ ಒಂದು ಗಿಡದ ಒಂದು ರಾಸಾಯನಿಕ ಲೆಕ್ಕಕ್ಕಿಲ್ಲ.

ಪರೀಕ್ಷೆಯೂ ಸುಲಭವಲ್ಲ. ಗೊಣ್ಣೆಹುಳು ಹೊಲದಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದು ಮೂಲೆಯಲ್ಲಿ ಹತ್ತಾರು, ಇನ್ನೊಂದರಲ್ಲಿ ಒಂದೂ ಇಲ್ಲ. ಹುಳು ತಾಗದೆ ಉಳಿದ ಕಬ್ಬು ನಿರೋಧಕವೋ, ಅದೃಷ್ಟಶಾಲಿಯೋ ಹೇಳುವುದು ಹೇಗೆ? ಒಂದು ಊರಿನಲ್ಲಿ 'ಈ ತಳಿಗೆ ಹುಳು ಬರುವುದಿಲ್ಲ' ಎಂಬ ಸುದ್ದಿ ಹಬ್ಬಿ, ಮರುವರ್ಷ ಪಕ್ಕದ ಊರಿನಲ್ಲಿ ಅದೇ ತಳಿ ನೆಲಕಚ್ಚುವುದಕ್ಕೆ ಇದೇ ಕಾರಣ. ಅಂತಹ ಮಾತನ್ನು ನಂಬಿ ಬೀಜದ ಕಬ್ಬಿಗೆ ಹೆಚ್ಚು ಹಣ ತೆರುವ ಮುನ್ನ ಬೆಳೆಗಾರರು ಯೋಚಿಸುವುದು ಒಳ್ಳೆಯದು.

ಕಬ್ಬಿನ ವಂಶವಾಹಿಯ ಸಿಕ್ಕು ಇನ್ನೊಂದು ಅಡ್ಡಿ. ಬೀಟ್‌ನ ಜೀವಕೋಶದಲ್ಲಿ 18 ವರ್ಣತಂತುಗಳು. ಕಬ್ಬಿನಲ್ಲಿ 100ಕ್ಕಿಂತ ಹೆಚ್ಚು. ಬೀಟ್‌ನ ಜೀನೋಮ್ 2013ರಲ್ಲಿಯೇ ಪ್ರಕಟವಾಯಿತು. ಆಧುನಿಕ ಕಬ್ಬಿನ ತಳಿಯೊಂದರ ಜೀನೋಮ್ ಬಿಡಿಸಲು 2024 ಬರಬೇಕಾಯಿತು. ಕೊಯಮತ್ತೂರಿನಲ್ಲಿ 1912ರಲ್ಲಿ ಆರಂಭವಾದ ಕಬ್ಬು ತಳಿ ಸಂಸ್ಥೆಯಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಸಾಕಿದ ಕಬ್ಬನ್ನು ಕಾಡುಕಬ್ಬಿನೊಂದಿಗೆ ಕೂಡಿಸಿದ ದಿನದಿಂದ ಈ ಸಿಕ್ಕು ಬೆಳೆದಿದೆ. ಆ ಕೂಡಿಕೆಯೇ ಭಾರತದ ಸಕ್ಕರೆ ಉದ್ಯಮವನ್ನು ಉಳಿಸಿದ್ದು ಎಂಬುದೂ ನಿಜ. ಇಂದಿಗೂ ದೇಶದ ಕಬ್ಬಿನ ಸಂಕರಣ ಹೆಚ್ಚಾಗಿ ಕೊಯಮತ್ತೂರಿನ ರಾಷ್ಟ್ರೀಯ ಸಂಕರಣ ತೋಟದಲ್ಲಿ ನಡೆಯುತ್ತದೆ. ಅಲ್ಲಿನ ಬೀಜ ರಾಜ್ಯಗಳ ಕೇಂದ್ರಗಳಿಗೆ ಹೋಗಿ, ಸಸಿಯಾಗಿ, ಆಯ್ಕೆಗೊಂಡು ತಳಿಯಾಗಲು ಹತ್ತು-ಹನ್ನೆರಡು ವರ್ಷ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಕೇಂದ್ರ ಕೊಟ್ಟ ಸಿಒಎಸ್‌ಎನ್‌ಕೆ 05103 ಇಂತಹ ಆಯ್ಕೆಯ ಫಲ. ಬೆಳಗಾವಿ ಜಿಲ್ಲೆಯಲ್ಲಿ ವ್ಯಾಪಕವಾಗಿರುವ ಸಿಒ 86032 ಕೂಡ ಇಳುವರಿ, ಸಕ್ಕರೆ, ಕೂಳೆಯ ಗುಣಕ್ಕಾಗಿ ಜನಪ್ರಿಯವಾಯಿತೇ ಹೊರತು ಗೊಣ್ಣೆಹುಳು ತಡೆಗಾಗಿ ಅಲ್ಲ. ಬೇರು ಬೇಗ ಮರುಚಿಗುರಿಸಿಕೊಳ್ಳುವ ತಾಳಿಕೆಯೇ ಕಬ್ಬಿನಲ್ಲಿ ಹುಡುಕಬಹುದಾದ ಗುಣ ಎಂದು ತೋರುತ್ತದೆ.

ಆಸ್ಟ್ರೇಲಿಯಾದ ಅನುಭವ ಇದಕ್ಕೆ ಪೂರಕ. ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿಗೂ ಗೊಣ್ಣೆಹುಳುವಿನದೇ ಪೀಡೆ. ದುಂಬಿ ತಿನ್ನಲೆಂದು 1935ರಲ್ಲಿ ಹವಾಯಿಯಿಂದ ತಂದ ನೆಲಗಪ್ಪೆ ದುಂಬಿಯನ್ನು ಬಿಟ್ಟು ಉಳಿದುದನ್ನೆಲ್ಲ ತಿಂದು, ತಾನೇ ದೇಶದ ದೊಡ್ಡ ಪೀಡೆಯಾದ ಕಥೆ ಪ್ರಸಿದ್ಧ. ಅಲ್ಲಿನ ವಿಜ್ಞಾನಿಗಳು 1990ರ ದಶಕದಲ್ಲಿ ಆಲೂಗಡ್ಡೆಯ ಜೀರ್ಣರೋಧಕ ಪ್ರೋಟೀನ್‌ನ ಜೀನ್ ಸೇರಿಸಿದ ಕಬ್ಬು ತಯಾರಿಸಿದರು. ಅದರ ಬೇರು ತಿಂದ ಗೊಣ್ಣೆಹುಳುಗಳ ಬೆಳವಣಿಗೆ ಕುಂಠಿತವಾದುದು ಪ್ರಯೋಗದಲ್ಲಿ ಕಂಡಿತು. ಎಫ್ 1016 ಬೀಟ್ ತಾನಾಗಿ ಮಾಡುವುದನ್ನೇ ಇಲ್ಲಿ ಹೊರಗಿನ ಜೀನ್‌ನಿಂದ ಮಾಡಿಸಲಾಯಿತು. ಆದರೆ ಆ ಕಬ್ಬು ಹೊಲಕ್ಕೆ ಬರಲಿಲ್ಲ. ಬ್ರೆಜಿಲ್ 2017ರಲ್ಲಿ ಒಪ್ಪಿದ ಬಿಟಿ ಕಬ್ಬು ಕಾಂಡ ಕೊರಕಕ್ಕೆ, ಬೇರಿನ ಹುಳುವಿಗಲ್ಲ. ಭಾರತದಲ್ಲಿ ರೈತರು ವಾಣಿಜ್ಯವಾಗಿ ಬೆಳೆಯಲು ಅನುಮತಿ ಪಡೆದ ಕುಲಾಂತರಿ ಬೆಳೆ 2002ರ ಬಿಟಿ ಹತ್ತಿಯೊಂದೇ.

ಸದ್ಯದ ಉಪಾಯ

ತಳಿ ಕೈಗೂಡುವವರೆಗೆ ಹುಳುವಿನ ನೈಸರ್ಗಿಕ ವೈರಿಗಳೇ ಕಬ್ಬಿಗೆ ಕಾವಲು. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಮಣ್ಣಿನಲ್ಲಿ ತೇವವಿರುವಾಗ ಬುಡಕ್ಕೆ ಹಾಕುವಂತೆ ಶಿಫಾರಸಿದೆ. ಸೋಂಕಿದ ಹುಳು ಗಟ್ಟಿಯಾಗಿ, ಮೇಲೆ ಹಸಿರು ಬೂಸ್ಟು ಕಟ್ಟಿ ಸಾಯುತ್ತದೆ. ಕೊಯಮತ್ತೂರಿನ ಕಬ್ಬಿನ ಮಣ್ಣಿನಿಂದಲೇ ಬೆಳಕಿಗೆ ಬಂದು 1992ರಲ್ಲಿ ಹೆಸರು ಪಡೆದ ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ ಸೂಕ್ಷ್ಮ ದುಂಡುಹುಳು ಇನ್ನೊಂದು. ಇದು ಗೊಣ್ಣೆಹುಳುವಿನ ದೇಹ ಹೊಕ್ಕು ತನ್ನೊಡನೆ ತಂದ ಬ್ಯಾಕ್ಟೀರಿಯಾದಿಂದ ಅದನ್ನು ಕೊಲ್ಲುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದನ್ನು ಪುಡಿಯ ರೂಪಕ್ಕೆ ತಂದಿದೆ. ಎರಡೂ ಜೀವಿಗಳೇ, ಬಿಸಿಲಿಗೆ ಒಣಗಿದ ಮಣ್ಣಿಗೆ ಹಾಕಿದರೆ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಬಿಸಿಯಲ್ಲಿಟ್ಟರೆ ಸತ್ತು ಹೋಗುತ್ತವೆ. ಪೊಟ್ಟಣದ ಮೇಲಿನ ದಿನಾಂಕ ನೋಡಿ ಕೊಳ್ಳಬೇಕು.

ಕಟಾವಿನ ನಂತರ ಆಳ ಉಳುಮೆ ಮಾಡಿದರೆ ಮೇಲೆದ್ದ ಹುಳುಗಳನ್ನು ಬೆಳ್ಳಕ್ಕಿ, ಕಾಗೆಗಳು ಹೆಕ್ಕುತ್ತವೆ. ಹುಳು ಬಿದ್ದ ಹೊಲದಲ್ಲಿ ಕೂಳೆ ಬಿಡದಿರುವುದು ಲೇಸು. ಎಲ್ಲಕ್ಕಿಂತ ಅಗ್ಗದ ಕ್ರಮ ದುಂಬಿಯನ್ನೇ ಹಿಡಿಯುವುದು. ಮೊದಲ ಹದಮಳೆಯ ನಂತರದ ಕೆಲವು ಸಂಜೆ, ಕತ್ತಲಾದೊಡನೆ ಬೇವು-ಜಾಲಿಯ ಟೊಂಗೆ ಅಲುಗಿಸಿ, ಕೆಳಗೆ ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಎಲೆ ತಿನ್ನುವ ಹೊಲೊಟ್ರೈಕಿಯಾಕ್ಕೆ ಇದು ಸರಿ; ಲ್ಯೂಕೊಫೋಲಿಸ್ ದುಂಬಿ ಮರಕ್ಕೆ ಅಷ್ಟಾಗಿ ಬರುವುದಿಲ್ಲವಾದ್ದರಿಂದ ನದಿದಂಡೆಯವರು ಅದು ಹಾರಾಡುವ ಸಂಜೆಗಳಲ್ಲಿ ಹೊಲದಲ್ಲಿಯೇ ಹಿಡಿಯಬೇಕಾಗುತ್ತದೆ. ದುಂಬಿಗೆ ಬದುವಿನ ಗುರುತಿಲ್ಲ. ಒಬ್ಬ ರೈತ ಹಿಡಿದು ನೆರೆಯವನು ಸುಮ್ಮನಿದ್ದರೆ ಪ್ರಯೋಜನವಾಗದು. ಇಡೀ ಊರು ಒಂದೇ ವಾರ ಇಳಿಯಬೇಕು. ಕೆಲಸವನ್ನು ರಾತ್ರಿಯೇ ಮುಗಿಸಬೇಕು. ನಸುಕಿನ ಹೊತ್ತಿಗೆ ದುಂಬಿಗಳು ಮರ ಬಿಟ್ಟು ಮತ್ತೆ ಮಣ್ಣು ಸೇರಿರುತ್ತವೆ.